15ಕ್ಕೇ ಯಾಕೆ ನಿಲ್ಲಿಸುತ್ತೀರಿ ಸ್ವಾಮಿ?

ನಿನ್ನೆ ರಾತ್ರಿ ಟಿವಿಯಲ್ಲಿ ವಿಂಬಲ್ಡನ್ ಇತಿಹಾಸದ ಬಗ್ಗೆ ಒಂದು ಕಾರ್ಯಕ್ರಮ ನೋಡಿ ಮೈ ಉರಿದುಹೋಯಿತು. ಚಾನೆಲ್ ಹೆಸರು ಹೇಳಲ್ಲ. ಹೇಳಿ ಅವರಿಗೆ ಇನ್ನೂ ನಾಲ್ಕು ಜನ ವೀಕ್ಷಕರನ್ನು ಕೊಡಿಸುವ ಆಸೆ ನನಗಿಲ್ಲ. ನಿರೂಪಕ ಬಂದ, "ಸಿಂಗಲ್ಸ್ ಗೆದ್ದ ಅತಿ ಕಿರಿಯ ಮಹಿಳೆ ಯಾರು ಗೊತ್ತಾ?" ಅಂದ, ಒಂದು ಕಪ್ಪು ಬಿಳುಪು ಫೋಟೊ ಬಂತು, "ಲಾಟಿ ಡಾಡ್, 1887, ವಯಸ್ಸು 15" ಅಂದ, ಮುಗೀತು, ಗಂಡಸರಲ್ಲಿ ಅತಿ ಕಿರಿಯ ಚಾಂಪಿಯನ್ ಆದ ಬೋರಿಸ್ ಬೆಕರ್ ಕಡೆ ಹೋಗೇಬಿಟ್ಟ. ಬೆಕರ್‌ಗೆ ಮಾತ್ರ ಹಳೇ ವಿಡಿಯೊ, ಡೈವ್ ಹೊಡೆದ ದೃಶ್ಯ, ಸಂಗೀತ, ಎಲ್ಲ ಇತ್ತು.

ನನ್ನ ಈ ಲಾಟಿ ಹುಚ್ಚು ನಿಮಗೆಲ್ಲ ಗೊತ್ತಿರೋದೇ. "ಮತ್ತೆ ಶುರು ಮಾಡಿದಳು" ಅಂತ ನಗಬೇಡಿ.

15 ವರ್ಷ 285 ದಿನ. ಆ ದಾಖಲೆ ಇವತ್ತಿಗೂ ಉಳಿದಿದೆ. 1996ರಲ್ಲಿ ಮಾರ್ಟಿನಾ ಹಿಂಗಿಸ್ ಅದಕ್ಕಿಂತ ಮೂರು ದಿನ ಚಿಕ್ಕವಳಾಗಿ ಗೆದ್ದಳು, ಆದರೆ ಅದು ಡಬಲ್ಸ್. ದೊಡ್ಡ ಸಾಧನೆಯೇ, ಇಲ್ಲ ಅಂದವರು ಯಾರು? ಆದರೆ ಲಾಟಿ ಬದುಕಿದ್ದು 88 ವರ್ಷ. ಉಳಿದ 73 ವರ್ಷ ಮನೆಯಲ್ಲಿ ಕೂತು ಆ ಕಪ್ ಒರೆಸುತ್ತಿದ್ದಳಾ? ಎಲ್ಲಿ ನೋಡಿದರೂ, ಯಾವ ಕ್ವಿಜ್ ಪುಸ್ತಕ ತೆರೆದರೂ 15, 15, 15. ಆ 15 ಆಕೆಯ ಜೀವನದ ಅತಿ ಸಣ್ಣ ಸಂಗತಿ ಅಂತ ನಾನು ಜಗಳ ಆಡಿಯಾದರೂ ಹೇಳುತ್ತೇನೆ.

ಸರಿ, ಟೆನಿಸ್‌ನಿಂದಲೇ ಶುರು ಮಾಡೋಣ. 1887, 1888, 1891, 1892, 1893. ಐದು ಸಲ ಆಡಿದಳು, ಐದು ಸಲವೂ ಗೆದ್ದಳು. ಐದೂ ಫೈನಲ್‌ನಲ್ಲಿ ಎದುರಿಗೆ ಇದ್ದದ್ದು ಒಬ್ಬಳೇ, ಬ್ಲಾಂಚ್ ಬಿಂಗ್ಲಿ, ಮದುವೆಯಾದ ಮೇಲೆ ಹಿಲ್ಯಾರ್ಡ್. 1888ರಲ್ಲಿ ಎರ್ನೆಸ್ಟ್ ರೆನ್‌ಶಾ ಎದುರು ಒಂದು ಪ್ರದರ್ಶನ ಪಂದ್ಯ ಆಡಿದಳು. ರೆನ್‌ಶಾ ಅಂದರೆ ಆ ವರ್ಷದ ಗಂಡಸರ ಚಾಂಪಿಯನ್. ಪ್ರತಿ ಗೇಮ್‌ನಲ್ಲೂ ಆಕೆಗೆ 30-0, ಅಂದರೆ ಎರಡು ಪಾಯಿಂಟ್ ಮುನ್ನಡೆ ಕೊಟ್ಟು ಆಡಿದ. ಆದರೂ ಗೆಲ್ಲಲು ಮೂರು ಸೆಟ್ ಬೆವರು ಸುರಿಸಬೇಕಾಯಿತು. ಆಗ ಈ ಹುಡುಗಿಗೆ 16. ಹೆಂಗಸರು ಬೇಸ್‌ಲೈನ್‌ನಲ್ಲಿ ನಿಂತು ಚೆಂಡನ್ನು ಮೆಲ್ಲಗೆ ಅತ್ತಿತ್ತ ದಾಟಿಸುತ್ತಿದ್ದ ಕಾಲದಲ್ಲಿ ಈಕೆ ನೆಟ್ ಹತ್ತಿರ ನುಗ್ಗಿ, ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ವಾಲಿ ಹೊಡೆಯುತ್ತಿದ್ದಳು.

1893ರಲ್ಲಿ ಟೆನಿಸ್ ಬಿಟ್ಟಳು. 21 ವರ್ಷ ವಯಸ್ಸಿನಲ್ಲಿ! ನಮ್ಮ ಟಿವಿಯವರ ಲೆಕ್ಕದಲ್ಲಿ ಕಥೆ ಮುಗಿಯಿತು.

ನಿಜವಾದ ಕಥೆ ಶುರುವಾಗೋದೇ ಅಲ್ಲಿಂದ. ಅಣ್ಣ ಟೋನಿ ಜೊತೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ಗೆ ಹೋಗಿ ಸ್ಕೇಟಿಂಗ್ ಕಲಿತಳು. ಅಲ್ಲಿ ಹೆಂಗಸರಿಗೆ ಒಂದು ಪರೀಕ್ಷೆ, ಗಂಡಸರಿಗೆ ಇನ್ನೊಂದು. ಮೊದಲು ಹೆಂಗಸರದ್ದು ಪಾಸಾದಳು. 1897ರಲ್ಲಿ ಗಂಡಸರದ್ದನ್ನೂ ಪಾಸು ಮಾಡಿ ಬಂದಳು. ಕ್ರೆಸ್ಟಾ ರನ್ ಅಂತ ಅಲ್ಲಿ ಐಸಿನ ಇಳಿಜಾರು ಇದೆ, ಸ್ಲೆಡ್ ಮೇಲೆ ಜಾರಿಕೊಂಡು ಹೋಗೋದು, ನೋಡಿದರೇ ನನಗೆ ಹೊಟ್ಟೆ ತೊಳಸುತ್ತದೆ, ಅದರಲ್ಲೂ ಜಾರಿದಳು. ಆಮೇಲೆ ಹಾಕಿ. 1899ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆಡಿದಳು. 1900ರಲ್ಲಿ ಐರ್ಲೆಂಡ್ ಎದುರು ಇಂಗ್ಲೆಂಡ್ 2-1ರಲ್ಲಿ ಗೆದ್ದಿತು. ಆ ಎರಡೂ ಗೋಲು ಯಾರದ್ದು ಅಂತ ಬೇರೆ ಹೇಳಬೇಕಾ?

ಆಮೇಲೆ ಗಾಲ್ಫ್. 1904ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಬ್ರಿಟಿಷ್ ಮಹಿಳಾ ಅಮೆಚೂರ್ ಚಾಂಪಿಯನ್‌ಶಿಪ್. ಫೈನಲ್‌ನಲ್ಲಿ ಎದುರಾಳಿ ಮೇ ಹೆಜ್ಲೆಟ್. ಆಕೆ ಅಷ್ಟರಲ್ಲಿ ಅದೇ ಪ್ರಶಸ್ತಿಯನ್ನು ಎರಡು ಸಲ ಗೆದ್ದಿದ್ದವಳು. ಲಾಟಿ ಗೆದ್ದದ್ದು ಒಂದೇ ಒಂದು ಹೋಲ್ ಅಂತರದಲ್ಲಿ. ವಿಂಬಲ್ಡನ್ ಸಿಂಗಲ್ಸ್ ಮತ್ತು ಈ ಗಾಲ್ಫ್ ಪ್ರಶಸ್ತಿ ಎರಡನ್ನೂ ಗೆದ್ದವರು ಆಕೆಯ ಮುಂಚೆ ಇರಲಿಲ್ಲ, ಆಕೆಯ ನಂತರವೂ ಬಂದಿಲ್ಲ. ಇದನ್ನು ಕ್ವಿಜ್‌ನಲ್ಲಿ ಯಾಕಪ್ಪಾ ಕೇಳಲ್ಲ?

ಇನ್ನೂ ಮುಗಿದಿಲ್ಲ. 1908ರ ಲಂಡನ್ ಒಲಿಂಪಿಕ್ಸ್, ಬಿಲ್ಲುಗಾರಿಕೆ. ಲಾಟಿಗೆ 36. ಮೊದಲ ದಿನ ಆಕೆಯೇ ಮುಂದೆ. ಎರಡನೇ ದಿನ ಕ್ವೀನಿ ನ್ಯೂಯಾಲ್ ಹಿಂದಿಕ್ಕಿ ಚಿನ್ನ ಗೆದ್ದಳು, ಲಾಟಿಗೆ ಬೆಳ್ಳಿ. ಕ್ವೀನಿಗೆ ಆಗ 53 ವರ್ಷ! ವೈಯಕ್ತಿಕ ಸ್ಪರ್ಧೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅತಿ ಹಿರಿಯ ಮಹಿಳೆ ಇವತ್ತಿಗೂ ಅವಳೇ. ಅತಿ ಕಿರಿಯಳಾಗಿ ವಿಂಬಲ್ಡನ್ ಸಿಂಗಲ್ಸ್ ಗೆದ್ದವಳು ಅತಿ ಹಿರಿಯಳಾಗಿ ವೈಯಕ್ತಿಕ ಚಿನ್ನ ಗೆದ್ದವಳ ಕೈಲಿ ಸೋತದ್ದು. ಇಂಥ ಕಥೆ ಬಿಟ್ಟಿ ಸಿಕ್ಕರೂ ಬಳಸದ ಟಿವಿಯವರಿಗೆ ಏನನ್ನಬೇಕು ಹೇಳಿ.

ಇನ್ನು ಮನೆಯವರ ವಿಷಯ. ಅದೇ ಒಲಿಂಪಿಕ್ಸ್‌ನಲ್ಲಿ ಗಂಡಸರ ಬಿಲ್ಲುಗಾರಿಕೆಯ ಯಾರ್ಕ್ ರೌಂಡ್‌ನಲ್ಲಿ ಚಿನ್ನ ಗೆದ್ದವನು ವಿಲಿಯಂ ಡಾಡ್. ಲಾಟಿಯ ಅಣ್ಣ ವಿಲ್ಲಿ. ಒಲಿಂಪಿಕ್ ಪದಕ ಗೆದ್ದ ಮೊದಲ ಅಣ್ಣ-ತಂಗಿ ಇವರೇ.

ನಮ್ಮಲ್ಲಿ ಕ್ರೀಡಾ ಕುಟುಂಬ ಅಂದರೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅಂತ ಒಂದು ಗೆರೆ ಎಳೆಯುತ್ತಾರೆ. ನಸುಕಿನಲ್ಲಿ ಎಬ್ಬಿಸುವ ಅಪ್ಪ ಒಬ್ಬ ಇರಲೇಬೇಕು. ಅಂಥ ಅಪ್ಪ ಇಲ್ಲಿ ಇಲ್ಲ. ತಂದೆ ಜೋಸೆಫ್ ಲಿವರ್‌ಪೂಲ್‌ನ ಹತ್ತಿ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಲಾಟಿ ಚಿಕ್ಕವಳಿದ್ದಾಗಲೇ ತೀರಿಹೋದ. ಚೆಷೈರ್‌ನ ಬೆಬಿಂಗ್ಟನ್‌ನಲ್ಲಿ ಅವರ ಮನೆ, ಮನೆಗೆ ಸೇರಿದಂತೆ ಟೆನಿಸ್ ಕೋರ್ಟ್, ನಾಲ್ಕು ಮಕ್ಕಳು. ಅಕ್ಕ ಆನಿ, ಅಣ್ಣ ವಿಲ್ಲಿ, ಅಣ್ಣ ಟೋನಿ, ಕೊನೆಯವಳು ಲಾಟಿ. ನಾಲ್ವರೂ ಆಡುವವರೇ. 1883ರಲ್ಲಿ ಮ್ಯಾಂಚೆಸ್ಟರ್‌ನ ಟೂರ್ನಿಯಲ್ಲಿ ಲಾಟಿ ಮೊದಲ ಸಲ ಡಬಲ್ಸ್ ಆಡಿದಾಗ ಆಕೆಗೆ 11, ಜೊತೆಗಾರ್ತಿ ಅಕ್ಕ ಆನಿ. ಐಸ್ ಮೇಲೆ ಕರೆದುಕೊಂಡು ಹೋದವನು ಟೋನಿ. ಬಿಲ್ಲು ಹಿಡಿದು ಪಕ್ಕದಲ್ಲಿ ನಿಂತವನು ವಿಲ್ಲಿ. ಒಂದೊಂದು ಆಟಕ್ಕೂ ಒಬ್ಬೊಬ್ಬ ಒಡಹುಟ್ಟಿದವರು ಜೊತೆ. ಲಾಟಿ ಮದುವೆಯಾಗಲಿಲ್ಲ, ಮಕ್ಕಳಿಲ್ಲ, "ಲಾಟಿಯ ಮೊಮ್ಮಗ ಈಗ ಫಲಾನ ತಂಡದಲ್ಲಿ" ಅಂತ ಹೇಳಿಕೊಳ್ಳಲು ಯಾರೂ ಇಲ್ಲ. ಬಹುಶಃ ಅದಕ್ಕೇ ಟಿವಿಯವರಿಗೆ ಇದು ಕ್ರೀಡಾ ಕುಟುಂಬ ಅಂತ ಹೊಳೆಯುವುದೇ ಇಲ್ಲ.

ಇದನ್ನೆಲ್ಲ ರಾತ್ರಿಯೇ ಒಂದು ಗುಂಪಿನಲ್ಲಿ ಬರೆದೆ. ತಕ್ಷಣ ಒಬ್ಬರು ಬಂದರು, ಬಂದೇ ಬರುತ್ತಾರಲ್ಲ. "ಮೇಡಂ, ದುಡ್ಡಿದ್ದವರ ಮನೆ ಹುಡುಗಿ, ಕೆಲಸ ಮಾಡುವ ಅಗತ್ಯ ಇರಲಿಲ್ಲ, ಟೈಂಪಾಸ್‌ಗೆ ಆಡಿದಳು. ಆಗ ಸ್ಪರ್ಧೆಯೇ ಇರಲಿಲ್ಲ."

ಸರಿ ಅಣ್ಣ, ಅರ್ಧ ಒಪ್ಪುತ್ತೇನೆ. ದುಡ್ಡಿತ್ತು, ಜಾಸ್ತಿಯೇ ಇತ್ತು. ಆಗ ವಿಂಬಲ್ಡನ್‌ನಲ್ಲಿ ಹೆಂಗಸರು ಬೆರಳೆಣಿಕೆಯಷ್ಟೇ. ಇನ್ನೂ ಒಂದು ನಾನೇ ಹೇಳಿಕೊಡುತ್ತೇನೆ, ನಿಮಗೆ ಗೊತ್ತಿರಲಿಕ್ಕಿಲ್ಲ: ಆ ಕಾಲದ ನಿಯಮದಲ್ಲಿ ಹಿಂದಿನ ವರ್ಷದ ಚಾಂಪಿಯನ್ ನೇರ ಕೊನೆಯ ಪಂದ್ಯಕ್ಕೆ ಬರುತ್ತಿದ್ದರು. ಹಾಗಾಗಿ 1888, 1892, 1893ರಲ್ಲಿ ಆಕೆ ಆಡಿದ್ದು ಒಂದೊಂದೇ ಪಂದ್ಯ. ಆಯ್ತಾ? ಈಗ ನನ್ನ ಪ್ರಶ್ನೆ. ಎದುರಿಗೆ ಆಡಿದವರೇನು ಕೂಲಿ ಮಾಡಿ ಬಂದವರಾ? ಅವರೂ ಅನುಕೂಲಸ್ಥರೇ. ಇಡೀ ಇಂಗ್ಲೆಂಡಿನಲ್ಲಿ ದುಡ್ಡು, ಪುರುಸೊತ್ತು, ಮನೆಯ ಮುಂದೆ ಹುಲ್ಲುಹಾಸು ಇದ್ದ ಹುಡುಗಿಯರು ಎಷ್ಟೋ ಸಾವಿರ ಇದ್ದಿರಬೇಕು. ಇನ್ನೊಬ್ಬ ಲಾಟಿ ಯಾಕೆ ಬರಲಿಲ್ಲ? ಅದೂ ಕಾಲಿಗೆ ತೊಡರುವ ಲಂಗ, ಹೊಟ್ಟೆ ಬಿಗಿಯುವ ಕಾರ್ಸೆಟ್ ಹಾಕಿಕೊಂಡು ಓಡಬೇಕಿದ್ದ ಕಾಲದಲ್ಲಿ.

ಸ್ಪರ್ಧೆ ಇರಲಿಲ್ಲ ಅನ್ನುತ್ತೀರಲ್ಲ, ಆ ಹಿಲ್ಯಾರ್ಡ್ ದಾಖಲೆ ತೆಗೆದು ನೋಡಿ. ಆರು ಸಲ ವಿಂಬಲ್ಡನ್ ಚಾಂಪಿಯನ್ ಆಕೆ. 1886, 1889, 1894, 1897, 1899, 1900. ಆರೂ ಲಾಟಿ ಆಡದ ವರ್ಷಗಳು. ಈ ಒಂದು ಸಾಲು ಸಾಕು ನನಗೆ.

ನನಗೆ ಇಷ್ಟು ಸಿಟ್ಟು ಯಾಕೆ ಬರುತ್ತದೆ ಅಂದರೆ, ಹೇಳಿಬಿಡುತ್ತೇನೆ, ಇದು ಬರೀ ಲಾಟಿ ವಿಷಯ ಅಲ್ಲ. ಹೈಸ್ಕೂಲಿನಲ್ಲಿ ನಾನು ಖೋಖೋ ಆಡುತ್ತಿದ್ದೆ, ಥ್ರೋಬಾಲ್ ಆಡುತ್ತಿದ್ದೆ, ಲಾಂಗ್ ಜಂಪಿಗೂ ಹೆಸರು ಕೊಡುತ್ತಿದ್ದೆ. ಪಿಟಿ ಮೇಷ್ಟ್ರು "ಒಂದು ಹಿಡ್ಕೋ, ಎಲ್ಲದಕ್ಕೂ ಮೂತಿ ಹಾಕಬೇಡ" ಅಂದರು. ಒಂದು ಹಿಡಿದುಕೊಂಡೆ. ಅದೂ ಕೈಗೆ ಹತ್ತಲಿಲ್ಲ. ನಾನು ದೊಡ್ಡ ಆಟಗಾರ್ತಿ ಆಗುತ್ತಿದ್ದೆ ಅಂತ ಹೇಳುತ್ತಿಲ್ಲ, ನನ್ನ ಓಟ ನೋಡಿದವರು ಇಲ್ಲೇ ಫ್ರೆಂಡ್ಸ್ ಲಿಸ್ಟಿನಲ್ಲಿ ಇದ್ದಾರೆ, ಸುಮ್ನೆ ಬಾಯಿ ಬಿಡಿಸಬೇಡಿ. ಆದರೆ ಈಗಲೂ ಆಟದ ಮೈದಾನದ ಹತ್ತಿರ ಹೋದರೆ ಅದೇ ಮಾತು, ಆರು ವರ್ಷದ ಮಗುವಿಗೂ "ಫೋಕಸ್ ಮಾಡು". ಒಂದರಲ್ಲಿ ಗೆದ್ದು, ಸಾಕು ಅನ್ನಿಸಿ, ಇನ್ನೊಂದಕ್ಕೆ ಹೋಗಿ, ಅಲ್ಲಿ ಮೊದಲು ಸೋತು, ಆಮೇಲೆ ಗೆದ್ದ ಮನುಷ್ಯರನ್ನು ಎಲ್ಲಿ ಇಡಬೇಕು ಅಂತ ನಮಗೆ ಗೊತ್ತಿಲ್ಲ. ಹಾಗಾಗಿ 15ಕ್ಕೆ ನಿಲ್ಲಿಸಿಬಿಡುತ್ತೇವೆ.

ಹೂಂ, ಗಾಲ್ಫ್ ಗೆದ್ದ ವರ್ಷವೇ ಲಾಟಿ ಅಮೆರಿಕಕ್ಕೂ ಆಡಲು ಹೋಗಿ ಮೊದಲ ಸುತ್ತಿನಲ್ಲೇ ಸೋತಳು. ಅದನ್ನೂ ಹೇಳಬೇಕಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸೇರಿ ಬರ್ಕ್‌ಷೈರ್‌ನ ಸ್ಪೀನ್ ಎಂಬಲ್ಲಿನ ಸೈನಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ದುಡಿಯುವ ಅಗತ್ಯ ಇಲ್ಲದ ಹುಡುಗಿ, ನೆನಪಿರಲಿ. ಮುದುಕಿಯಾದ ಮೇಲೂ ವಿಂಬಲ್ಡನ್ ನೋಡಲು ಹೋಗುತ್ತಿದ್ದಳು. ಇಂಟರ್‌ನ್ಯಾಷನಲ್ ಟೆನಿಸ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1983ರಲ್ಲಿ, ಆಕೆ ಸತ್ತು 23 ವರ್ಷ ಆದ ಮೇಲೆ. ಬೇಗ ನೆನಪಾಯಿತು ಪಾಪ.

ಈಗ ಬೆಳಿಗ್ಗೆ ನೋಡಿದರೆ ಅದೇ ಅಣ್ಣಾವ್ರು ಹೊಸ ಕಾಮೆಂಟ್ ಹಾಕಿದ್ದಾರೆ. "ಸೋಲುವ ಭಯಕ್ಕೇ ಟೆನಿಸ್ ಬಿಟ್ಟಿರಬೇಕು, ಗೆದ್ದಾಗಲೇ ಜಾಗ ಖಾಲಿ ಮಾಡಿದ್ದಾಳೆ."

1893ರ ಫೈನಲ್ ಸ್ಕೋರು 6-8, 6-1, 6-4. ಮೊದಲ ಸೆಟ್ ಕಳೆದುಕೊಂಡು, ತಿರುಗಿ ಬಂದು ಗೆದ್ದ ಪಂದ್ಯ. ಭಯ ಅಂತೆ, ಭಯ! ಇದಕ್ಕೂ ಉತ್ತರ ಇದ್ದರೆ ಕೆಳಗೆ ಬರೆಯಿರಿ ಅಣ್ಣ, ನಾಳೆ ಭಾನುವಾರ, ನನಗೆ ಬೇಕಾದಷ್ಟು ಪುರುಸೊತ್ತಿದೆ.