‘ಒಂದು’ ಬಂದಾಗ ಸುಮ್ಮನಿರಿ

ಬಾಸ್ ಗಿಟಾರ್ ನುಡಿಸುವವರತ್ತ ಯಾರೂ ನೋಡುವುದಿಲ್ಲ ಎಂಬ ಮಾತು ಶುದ್ಧ ಸುಳ್ಳು. ಕ್ಯೂಬಾದ ನಡೆಗಳಿಂದ ಬೆಳೆದ ಕುಣಿತದ ಸಂಗೀತ ಸಾಲ್ಸಾ ನುಡಿಸುವಾಗ ಒಂದನೇ ಬೀಟ್‌ಗೆ ಸರಿಯಾಗಿ ಗಟ್ಟಿ ಸ್ವರವೊಂದನ್ನು ಮೀಟಿ ನೋಡಿ. ಕಾಂಗಾ ಬಾರಿಸುವವನು ತಿರುಗುತ್ತಾನೆ, ಪಿಯಾನೋದವನು ತಿರುಗುತ್ತಾನೆ, ಕುಣಿಯುತ್ತಿದ್ದ ಜೋಡಿಯೊಂದು ಕಾಲು ತುಳಿದುಕೊಂಡು ನಿಮ್ಮನ್ನೇ ದುರುಗುಟ್ಟುತ್ತದೆ.

ತಮಾಷೆ ಏನೆಂದರೆ, ಬೇರೆ ಕಡೆಯೆಲ್ಲ ಇದೇ ಕೆಲಸಕ್ಕೆ ದುಡ್ಡು ಕೊಡುತ್ತಾರೆ. ರಾಕ್ ಆಗಲಿ, ಆರ್ಕೆಸ್ಟ್ರಾದವರ ಸಿನಿಮಾ ಹಾಡಾಗಲಿ, ಕಿಕ್ ಡ್ರಮ್ಮಿನ ಜೊತೆ ಒಂದಕ್ಕೆ ಧಮ್ ಎನ್ನಿಸುವುದೇ ಬಾಸ್‌ನ ಮೊದಲ ಪಾಠ. ಕ್ಯೂಬಾದಿಂದ ಬಂದ ಟುಂಬಾವೋ ಎಂಬ ಬಾಸ್ ನಡೆಯಲ್ಲಿ ಮೊದಲು ಮರೆಯಬೇಕಾದ್ದೂ ಅದೇ ಪಾಠ.

ನಾಲ್ಕು ಬೀಟ್‌ನ ಬಾರನ್ನು, ಅಂದರೆ ತಾಳದ ಒಂದು ಸುತ್ತನ್ನು, “ಒಂದು-ಮತ್ತು-ಎರಡು-ಮತ್ತು” ಎಂದು ಎಣಿಸುತ್ತ ಹೋಗಿ. ಮೀಟುವುದು ಎರಡೇ ಸಲ: ಎರಡರ ಹಿಂದೆಯೇ ಬರುವ ‘ಮತ್ತು’ವಿಗೆ ಒಂದು, ನಾಲ್ಕಕ್ಕೆ ಒಂದು. ನಾಲ್ಕಕ್ಕೆ ಮೀಟಿದ ಸ್ವರ ಮುಂದಿನ ಬಾರಿನ ‘ಒಂದ’ನ್ನು ದಾಟಿಕೊಂಡು ಮೊಳಗುತ್ತಿರಬೇಕು. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ನುಡಿಸಿಯಾರು. ಆದರೆ ಆ ನಾಲ್ಕರ ಸ್ವರ ಈಗಿನ ಕಾರ್ಡಿನದಲ್ಲ (ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲೇ ಕಾರ್ಡ್), ಇನ್ನೂ ಬಾರದ ಕಾರ್ಡಿನದು. ಡಿ ಮೈನರ್ ಮುಗಿದು ಜಿ ಬರಬೇಕು ಎಂದಿಟ್ಟುಕೊಳ್ಳಿ. ಡಿ ಮೈನರ್ ಬಾರಿನೊಳಗೇ ಎರಡೂವರೆಗೆ, ಅಂದರೆ ಎರಡರ ‘ಮತ್ತು’ವಿಗೆ, ಅದರದೇ ಸ್ವರವಾದ ಎ ಮೀಟಿ, ನಾಲ್ಕಕ್ಕೆ ಜಿ ಮೀಟಿ ಮುಗಿಸಿರಬೇಕು. ಲ್ಯಾಟಿನ್ ಅಮೆರಿಕದ ಸಂಗೀತ ಬಲ್ಲ ಪಿಯಾನೋದವನಾದರೆ ಅವನೂ ಅರ್ಧ ಬೀಟ್ ತಡೆದು, ಒಂದು ಬರುವ ಮೊದಲೇ ಜಿಗೆ ಬಂದು ಸೇರುತ್ತಾನೆ. ಬಲ್ಲವನಲ್ಲದಿದ್ದರೆ ಹಾಡಿನ ನಡುವೆಯೇ, “ಸರ್, ಸ್ವಲ್ಪ ಬೇಗ ಬರ್ತಾ ಇದೀರಿ” ಎನ್ನುತ್ತಾನೆ.

ಈ ಮಾತಿಗೆ ಮರ್ಯಾದೆ ಕೊಟ್ಟು ಒಂದು ಬೀಟ್ ತಡವಾಗಿ ಮೀಟಿದರೋ, ಕಥೆ ಮುಗಿಯಿತು. ಮರ್ಯಾದೆ ಕೊಡದಿದ್ದರೂ ಇನ್ನೊಂದು ಗಂಡಾಂತರ ಕಾದಿದೆ. ಎಲ್ಲಕ್ಕಿಂತ ತಗ್ಗಿನ, ದಪ್ಪ ಸ್ವರ ಎಲ್ಲಿ ಬೀಳುತ್ತದೋ ಅದನ್ನೇ ‘ಒಂದು’ ಎಂದು ನಂಬುವುದು ಕಿವಿಯ ಹಳೇ ಚಾಳಿ. ಹತ್ತಾರು ಬಾರು ಕಳೆಯುವಷ್ಟರಲ್ಲಿ ನಿಮ್ಮ ನಾಲ್ಕೇ ನಿಮಗೆ ಒಂದಾಗಿ ಕೇಳತೊಡಗುತ್ತದೆ. ಗಾಯಕಿ ಮತ್ತೆ ಎತ್ತಿಕೊಂಡಾಗ ಅವಳು ಒಂದು ಬೀಟ್ ತಡ ಮಾಡಿದಳು ಎನಿಸುತ್ತದೆ. ಅವಳಿಗೆ ಹಾಗೆಂದು ಹೇಳಲು ಮಾತ್ರ ಹೋಗಬೇಡಿ.

ಇದಕ್ಕೆ ಮದ್ದು ಪಾದದಲ್ಲಿದೆ. ಒಂದಕ್ಕೂ ಮೂರಕ್ಕೂ ಕಾಲು ತಟ್ಟುತ್ತಿರಬೇಕು, ಬಾಯಲ್ಲಿ ‘ಒಂದು’ ಎನ್ನುತ್ತಿರಬೇಕು, ಕೈ ಮಾತ್ರ ಆಗ ಸುಮ್ಮನಿರಬೇಕು. ಕರ್ನಾಟಕ ಸಂಗೀತದಲ್ಲಿ ಅತೀತ ಗ್ರಹದ ಕೃತಿಗಳನ್ನು ತಾಳ ಹಾಕಿಕೊಂಡು ಹಾಡಿದವರಿಗೆ, ತಾಳಕ್ಕಿಂತ ಮೊದಲು ಹಾಡು ಹೊರಡುವ ಈ ಲೆಕ್ಕ ಹೊಸದೇನಲ್ಲ. ಅವರ ತೊಂದರೆ ಬೇರೆ: ತಾಳ ಹಾಕುವ ಎರಡು ಕೈಗೂ ಇಲ್ಲಿ ಬೇರೆ ಕೆಲಸವಿದೆ. ಮನೆಯಲ್ಲಿ ಮೆಟ್ರೋನೋಮನ್ನು ನಿಮಿಷಕ್ಕೆ 60 ಟಕ್ಕಿಗೆ ಇಟ್ಟು, ಅದರ ಟಕ್ಕನ್ನು ಒಂದು ಮತ್ತು ಮೂರು ಎಂದುಕೊಂಡು ಸಾಧನೆ ಮಾಡಬೇಕು. ಅಂದರೆ ನಿಜವಾದ ವೇಗ 120. ವೇದಿಕೆಯ ಮೇಲಿನ ಸಾಲ್ಸಾ ಸಾಮಾನ್ಯವಾಗಿ 180 ದಾಟಿರುತ್ತದೆ, ಅದಕ್ಕೆ ಅವಸರ ಬೇಡ.

ಕಣ್ಣಿಗೆ ಕಾಣದ ಯಜಮಾನ ಇನ್ನೊಬ್ಬನಿದ್ದಾನೆ, ಕ್ಲಾವೆ ಎಂಬ ಲಯದ ಪೆಟ್ಟುಗಳ ಸಾಲು. ಎರಡು ಬಾರಿಗೆ ಐದು ಪೆಟ್ಟು. ಮೂರು ಪೆಟ್ಟಿನ ಬಾರಿನಲ್ಲಿ ಒಂದು, ಎರಡೂವರೆ, ನಾಲ್ಕು. ಎರಡು ಪೆಟ್ಟಿನ ಬಾರಿನಲ್ಲಿ ಎರಡು ಮತ್ತು ಮೂರು. ಮೊದಲಿನ ಮೂರರಲ್ಲಿ ‘ಒಂದು’ ಕಿತ್ತುಹಾಕಿದರೆ ಉಳಿಯುವುದೇ ಬಾಸ್‌ನ ಎರಡು ಸ್ವರ. ಇದು ಹೊಳೆದ ಮೇಲೆ ಟುಂಬಾವೋ ಕಂಠಪಾಠ ಮಾಡುವ ಕಷ್ಟ ತಪ್ಪುತ್ತದೆ. ಸಭಿಕರು ಉತ್ಸಾಹದಿಂದ ಒಂದಕ್ಕೂ ಮೂರಕ್ಕೂ ಚಪ್ಪಾಳೆ ತಟ್ಟಿ ನಿಮ್ಮನ್ನು ಎಳೆಯುವ ಕಷ್ಟ ತಪ್ಪುವುದಿಲ್ಲ.

ಹವಾನಾದಲ್ಲಿ 1918ರಲ್ಲಿ ಹುಟ್ಟಿದ ಬಾಸ್ ವಾದಕ ಇಸ್ರಾಯೆಲ್ ‘ಕಚಾವೊ’ ಲೋಪೆಜ್ ಅವರ ಬಂಧುಬಳಗದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಬಾಸ್ ವಾದಕರಿದ್ದರು ಎಂಬ ಮಾತಿದೆ. ಆ ಮನೆಯ ಮದುವೆಗಳಲ್ಲಿ ಒಂದನೇ ಪಂಕ್ತಿಗೆ ಯಾರಾದರೂ ಕೂರುತ್ತಿದ್ದರೋ ಇಲ್ಲವೋ!

ಆ ಕಡೆಯ ಸಂಗೀತವನ್ನೆಲ್ಲ ಲ್ಯಾಟಿನ್ ಎಂದು ಒಂದೇ ಹೆಸರಿನಿಂದ ಕರೆದವರಿಗೆ ಏನು ಹೇಳೋಣ. ಬ್ರೆಜಿಲ್ಲಿನ ಬೋಸಾ ನೋವಾದಲ್ಲಿ ಒಂದಕ್ಕೆ ಮೀಟಲೇಬೇಕು, ಆದರೆ ಮೆತ್ತಗೆ. ಸಾಂಬಾದ ಎರಡು ಬೀಟ್‌ನಲ್ಲಿ ಸುರ್ದೋ ಎಂಬ ದೊಡ್ಡ ಡೋಲಿನ ಭಾರವೆಲ್ಲ ಎರಡನೆಯದರ ಮೇಲೆ, ಬಾಸ್ ಕೂಡ ಅಲ್ಲೇ ಒರಗಬೇಕು. ಅರ್ಜೆಂಟೀನಾದ ಸಾಂಪ್ರದಾಯಿಕ ಟ್ಯಾಂಗೋ ವಾದ್ಯಗೋಷ್ಠಿಯಲ್ಲಿ ಡ್ರಮ್ಸೇ ಇಲ್ಲ. ಡಬಲ್ ಬಾಸ್‌ನವರು ಕೈಯಲ್ಲಿ ಕಮಾನು ಹಿಡಿದು, ತುಸು ಮೊದಲಿನಿಂದಲೇ ಸ್ವರವನ್ನು ಎಳೆದು ತಂದು ಒಂದರ ಮೇಲೆ ಕೆಡವಬೇಕು. ಸಾಲ್ಸಾ ಮುಗಿದೊಡನೆ ಟ್ಯಾಂಗೋ ಎಂದು ಪಟ್ಟಿ ಮಾಡುವವರು ಬಾಸ್ ನುಡಿಸಿದವರಲ್ಲ, ಇದು ಖಾತ್ರಿ.

ಇನ್ನು ನಾದದ ಮಾತು. 1960ರ ದಶಕದಿಂದ ನ್ಯೂಯಾರ್ಕಿನ ಸಾಲ್ಸಾದವರಿಗೆ ಆಂಪೆಗ್ ಬೇಬಿ ಬಾಸ್ ಎಂದರೆ ಪ್ರಾಣ: ಪ್ಲಾಸ್ಟಿಕ್ ಮೈಯ, ನೆಟ್ಟಗೆ ನಿಲ್ಲಿಸಿ ನುಡಿಸುವ ಎಲೆಕ್ಟ್ರಿಕ್ ವಾದ್ಯ. ಧಪ್ ಎಂದು ಎದ್ದು ಬೇಗ ಅಡಗುವ ಸ್ವರ. ಅದಿಲ್ಲದವರು ಮಾಮೂಲಿ ಬಾಸ್‌ಗೆ ನುಣುಪು ಸುತ್ತಿನ ಫ್ಲಾಟ್‌ವೌಂಡ್ ತಂತಿ ಹಾಕಿ, ಟೋನ್ ನಾಬ್ ಇಳಿಸಿ, ಬ್ರಿಡ್ಜ್ ಪಕ್ಕ ತಂತಿಗಳ ಅಡಿಗೆ ಸ್ಪಂಜು ತುರುಕಿ, ಹೆಬ್ಬೆರಳಲ್ಲಿ ಮೀಟುತ್ತಾರೆ. ಪಾತ್ರೆ ತಿಕ್ಕುವ ಸ್ಪಂಜಾದರೆ ಮೊದಲು ಹಸಿರು ಒರಟು ಪದರ ಕಿತ್ತುಬಿಡಿ. ಸ್ಪಂಜು ತಂತಿಯನ್ನು ತಾಕಬೇಕು, ಎತ್ತಬಾರದು. ದಪ್ಪ ಹೆಚ್ಚಾದರೆ ಸ್ವರವೇ ಕೇಳದೆ ಬರೀ ಗುದ್ದು ಕೇಳುತ್ತದೆ.

ಒಳಗೆ ಬ್ಯಾಟರಿ ಇರುವ ಬಾಸ್ ಆದರೆ, ಜಾಕ್ ಚುಚ್ಚಿಟ್ಟಷ್ಟು ಹೊತ್ತೂ 9 ವೋಲ್ಟಿನ ಬ್ಯಾಟರಿ ಕರಗುತ್ತಲೇ ಇರುತ್ತದೆ, ನೀವು ಊಟಕ್ಕೆ ಹೋಗಿದ್ದರೂ. ಸಾಯುವ ಮೊದಲು ಅದು ಗೊರಗೊರ ಎನ್ನುತ್ತದೆ. ಅದಕ್ಕೆ ಬೊಲೆರೋದಂಥ ನಿಧಾನದ ಪ್ರೇಮಗೀತೆಯೇ ಆಗಬೇಕು.

ಕೊನೆಗೆ ಹಮ್, ಅಂದರೆ ಕರೆಂಟಿನಿಂದಾಗಿ ಸ್ಪೀಕರಿನಲ್ಲಿ ಕೇಳುವ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಸ್. ಬಾಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಸ್. ಹಾಗಾಗಿ ಜಿಯಲ್ಲಿರುವ ಹಾಡಿಗೆ ವಿದ್ಯುತ್ ಇಲಾಖೆಯೂ ದನಿಗೂಡಿಸುತ್ತದೆ, ತುಸು ಮೇಲಿನ ಶ್ರುತಿಯಲ್ಲಿ. 60 ಹರ್ಟ್ಸಿನ ಅಮೆರಿಕದಲ್ಲಿ ಅದು ಎ ಶಾರ್ಪ್‌ಗೂ ಬಿಗೂ ನಡುವೆ ಎಲ್ಲೋ ಅಬ್ಬೇಪಾರಿಯಾಗಿ ಅಲೆಯುತ್ತದೆ. ಜಾಜ್ ಬಾಸ್ ಮಾದರಿಯದಾದರೆ ತಂತಿಯ ಕಂಪನ ಹಿಡಿಯುವ ಎರಡೂ ಪಿಕಪ್‌ಗಳ ವಾಲ್ಯೂಮನ್ನು ಪೂರ್ತಿ ಏರಿಸಿ, ಒಂದರ ಹಮ್ಮನ್ನು ಇನ್ನೊಂದು ಹೊಡೆದುಹಾಕುತ್ತದೆ. ಅದೂ ಆಗದಿದ್ದರೆ ಹಾಡನ್ನು ಜಿಯಿಂದ ಎಗೆ ಏರಿಸಬಹುದೇ ಎಂದು ಗಾಯಕಿಯನ್ನು ಕೇಳಿ ನೋಡಬಹುದು. ಕೇಳುವವರು ಮಾತ್ರ ಡ್ರಮ್ಸ್‌ನವರಾಗಿರಲಿ.