ಯಾವ ಇಂಜಿನ್ ಗುರು?

ನಿನ್ನೆ ರಾತ್ರಿ ಒಂದು ಚೆಸ್ ಆಟ ಗೆದ್ದೆ. ಐದು ತಿಂಗಳ ಆಟ. ಒಂದು ನಡೆಗೆ ಮೂರು ದಿನ ಸಮಯ ಕೊಡುವ ಕರೆಸ್ಪಾಂಡೆನ್ಸ್ ಚೆಸ್, ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ನನ್ನ ರೇಟಿಂಗ್ 1510, ಎದುರಿನವನದು 1710. ಖುಷಿಗೆ ಗ್ರೂಪಿನಲ್ಲಿ ಹಾಕಿದೆ. ಮೊದಲ ಉತ್ತರ: "ಯಾವ ಇಂಜಿನ್ ಗುರು?" ಅಂದರೆ, ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮ್ ಹೇಳಿಕೊಟ್ಟ ನಡೆ ಆಡಿ ಗೆದ್ದೆ ಅಂತ.

ಆಟ ತೆರೆದು ನೋಡಿದ್ದರೆ ಬೈದರೂ ಸಹಿಸುತ್ತಿದ್ದೆ.

ನನ್ನ ಇಂಜಿನ್ ಫ್ರಿಜ್ ಮೇಲಿದೆ, ಬಂದು ನೋಡಿ. ಹಳೇ ಮರದ ಬೋರ್ಡು. ಒಂದು ಕಪ್ಪು ಪಾನ್ (ಕಾಲಾಳು) ಕಳೆದುಹೋಗಿ ಅದರ ಜಾಗದಲ್ಲಿ ಹುಣಸೆ ಬೀಜ. ಹಾಲು ತೆಗೆಯಲು ಬಂದವರ ಕೈ ತಾಗಿ ಎರಡು ಸಲ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. 38ನೇ ನಡೆಗೆ ಎರಡು ರಾತ್ರಿ ಅಲ್ಲೇ ನಿಂತಿದ್ದೆ. ಬೀಜ ಮುಂದೆ ತಳ್ಳಲಾ, ಅದರ ಹಿಂದೆ ಆನೆ ತರಲಾ? ಆನೆ ತಂದೆ. ಒಂಬತ್ತು ನಡೆ ಆದಮೇಲೆ ಆ ಹುಣಸೆ ಬೀಜವೇ ಕೊನೆ ಸಾಲು ಮುಟ್ಟಿ ಕ್ವೀನ್ ಆಯಿತು.

ರೇಟಿಂಗ್ ಹಾಕುವ ಎಲೋ ಲೆಕ್ಕ ಕೇಳಿ. 200 ಪಾಯಿಂಟ್ ಅಂತರವಿದ್ದರೂ ಡ್ರಾ ಎಲ್ಲ ಸೇರಿ 100 ಆಟಕ್ಕೆ ಸುಮಾರು 24 ಅಂಕ ಕೆಳಗಿನವನಿಗೆ ಬರಬೇಕು. ಅವನು ಒಮ್ಮೆಯೂ ಗೆಲ್ಲಬಾರದು ಅಂದರೆ ರೇಟಿಂಗ್ ಯಾಕೆ, ಜಾತಿ ಪ್ರಮಾಣಪತ್ರ ಕೊಟ್ಟುಬಿಡಿ!

1965ರಲ್ಲಿ ಶುರುವಾದ ಕರೆಸ್ಪಾಂಡೆನ್ಸ್ ಚೆಸ್ ವಿಶ್ವ ಫೈನಲ್‌ನಲ್ಲಿ ಹ್ಯಾನ್ಸ್ ಬರ್ಲಿನರ್ ಕಪ್ಪು ಕಾಯಿ ಹಿಡಿದು ಯಾಕೋವ್ ಎಸ್ಟ್ರಿನ್‌ನನ್ನು ಸೋಲಿಸಿದ. ಅದೂ ಟೂ ನೈಟ್ಸ್ ಡಿಫೆನ್ಸ್‌ನಲ್ಲಿ. ಆಟ ಶುರುಮಾಡುವ ಆ ಕ್ರಮದ (ಓಪನಿಂಗ್) ಬಗ್ಗೆ ಪುಸ್ತಕ ಬರೆದವನೇ ಎಸ್ಟ್ರಿನ್. ನಡೆಗಳು ಅಂಚೆಯಲ್ಲಿ ಹೋಗಿ ಬರುತ್ತಿದ್ದ ಕಾಲ. ಯಾವ ಇಂಜಿನ್ ಅಂತ ಯಾರೂ ಕೇಳಲಿಲ್ಲ. (ಮುಂದೆ ಬರ್ಲಿನರ್ ತಾನೇ ಚೆಸ್ ಕಂಪ್ಯೂಟರ್ ಕಟ್ಟಿದ, ಅದು ಬೇರೆ ಮಾತು.)

ಕಳ್ಳಾಟ ಆಡುವವರು ಇಲ್ಲವಾ? ಇದ್ದಾರೆ. ಅಂತರರಾಷ್ಟ್ರೀಯ ಕರೆಸ್ಪಾಂಡೆನ್ಸ್ ಚೆಸ್ ಸಂಸ್ಥೆ ಐಸಿಸಿಎಫ್‌ನ ಟೂರ್ನಿಗಳಲ್ಲಂತೂ ಇಂಜಿನ್ ಬಳಸಲು ಅನುಮತಿಯೇ ಇದೆ, ಅದಕ್ಕೇ ಮೇಲಿನ ಮಟ್ಟದಲ್ಲಿ ಡ್ರಾ ಮೇಲೆ ಡ್ರಾ. ನಾನು ಆಡುವ ಕಡೆ ಓಪನಿಂಗ್ ಪುಸ್ತಕ ನೋಡಬಹುದು, ಇಂಜಿನ್ ಕೂಡದು. ಆದರೆ ಅನುಮಾನ ಯಾವಾಗಲೂ ಕೆಳಗಿನವನ ಮೇಲೇ ಯಾಕೆ? 1710ರವನು ಗೆದ್ದಿದ್ದರೆ ಯಾರಾದರೂ ಕೇಳುತ್ತಿದ್ದರಾ?

ಇಷ್ಟು ಕೂಗಾಡಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ 1300ರ ಒಬ್ಬ ನನ್ನನ್ನು ಸೋಲಿಸಿದ. ಚೆನ್ನಾಗಿಯೇ ಸೋಲಿಸಿದ. ನಾನು ಸುಮ್ನೆ ಇರದೆ ರಿಪೋರ್ಟ್ ಬಟನ್ ಒತ್ತಿದೆ. ಅವನಿಗೆ ಏನೂ ಆಗಲಿಲ್ಲ, ಈಗಲೂ ಆಡುತ್ತಿದ್ದಾನೆ. ಅವತ್ತೇ ರೀಮ್ಯಾಚ್ ಕೇಳಿದ್ದ. ನಾನಿನ್ನೂ ಒಪ್ಪಿಲ್ಲ.