ಸತ್ಯಾಂಶ: ಫೆಂಟನಿಲ್ ಮುಟ್ಟಿದರೆ ಸಾವು ಬರುತ್ತದಾ?

"ಅಮೆರಿಕದಲ್ಲಿ ಬೀದಿಯಲ್ಲಿ ಬಿದ್ದ ಡಾಲರ್ ನೋಟು ಮುಟ್ಟಬೇಡಿ, ಫೆಂಟನಿಲ್ ಪುಡಿ ತಾಗಿದರೆ ಸಾವು" ಎಂಬ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ.

ಫೆಂಟನಿಲ್ ಅಂದರೆ ತೀವ್ರ ನೋವಿಗೆ ಕೊಡುವ ಔಷಧ, ಬೀದಿಯಲ್ಲಿ ಡ್ರಗ್ಸ್ ಆಗಿಯೂ ಮಾರಾಟವಾಗುತ್ತದೆ. ಅದು ಅಪಾಯಕಾರಿ, ಅದರಲ್ಲಿ ಎರಡು ಮಾತಿಲ್ಲ. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಜಾಸ್ತಿ ಪ್ರಬಲ. ಆದರೆ ಒಣ ಪುಡಿ ಚರ್ಮದೊಳಗೆ ಸುಲಭವಾಗಿ ಇಳಿಯುವುದಿಲ್ಲ. ನೋವಿಗೆ ವೈದ್ಯರು ಕೊಡುವ ಫೆಂಟನಿಲ್ ಪ್ಯಾಚನ್ನೇ ನೋಡಿ. ಅದನ್ನು ಚರ್ಮಕ್ಕೆ ಇಳಿಯಲೆಂದೇ ಮಾಡಿರುತ್ತಾರೆ, ಆದರೂ ಪೂರ್ತಿ ಪರಿಣಾಮ ಕಾಣಲು ಗಂಟೆಗಟ್ಟಲೆ ಬೇಕು. ಕೈಗೆ ಪುಡಿ ತಾಗಿದರೆ ಸೋಪು ಹಾಕಿ ತೊಳೆದುಕೊಳ್ಳಿ. ಈ ಸುಳ್ಳು ಭಯದಿಂದ, ಡ್ರಗ್ಸ್ ಅತಿಯಾಗಿ ಪ್ರಜ್ಞೆ ತಪ್ಪಿ ಬಿದ್ದವರನ್ನು ಮುಟ್ಟಲೂ ಜನ ಹಿಂಜರಿದರೆ ಜೀವವೇ ಹೋಗಬಹುದು, ಅಲ್ವಾ?

ನಿಜವಾದ ಆತಂಕ ಬೇರೆ ಇದೆ. ಬೀದಿಯ ಡ್ರಗ್ಸ್‌ನಲ್ಲಿ ಏನು ಬೆರೆತಿದೆ ಅಂತ ಕೊಂಡವರಿಗೇ ಗೊತ್ತಿರುವುದಿಲ್ಲ. ಅಮೆರಿಕ ಸರ್ಕಾರದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯಾದ ನಿಸ್ಟ್‌ನ ಸಂಶೋಧಕರು ಹುಡುಕುವುದು ಇದನ್ನೇ. ಪೊಟ್ಟಣದ ಹೊರಮೈಯನ್ನು ಸುಮ್ನೆ ಒರೆಸಿದರೂ ಸಾಕು. ಅಂಟಿದ ಕಣಗಳಲ್ಲಿ ಯಾವ ರಾಸಾಯನಿಕವಿದೆ ಎಂದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಗುರುತಿಸುತ್ತದೆ. ಪ್ರಾಣಿಗಳಿಗೆ ಮಂಪರು ಬರಿಸಲು ಕೊಡುವ ಜೈಲಜೀನ್ ಇಂಥ ಪರೀಕ್ಷೆಗಳಲ್ಲಿ ಸಿಕ್ಕಿದೆ. ಫೆಂಟನಿಲ್‌ನಂಥ ಡ್ರಗ್ಸ್ ಓವರ್‌ಡೋಸ್ ಆದಾಗ ಮದ್ದಾಗಿ ಕೊಡುವ ನಲಾಕ್ಸೋನ್ ಜೈಲಜೀನ್ ಮೇಲೆ ಕೆಲಸ ಮಾಡದು. ಆದರೂ ನಲಾಕ್ಸೋನ್ ಕೊಡಲೇಬೇಕು, ಏಕೆಂದರೆ ಜೊತೆಯಲ್ಲಿ ಹೆಚ್ಚಾಗಿ ಫೆಂಟನಿಲ್ ಇದ್ದೇ ಇರುತ್ತದೆ.